ಅಚ್ಚಿನಿಂದ ಹೊರಬರುವ ದಾರಿ

ಬಚ್ಚಲುಮನೆಯ ಪ್ಲಾಸ್ಟಿಕ್ ಬಕೆಟ್ಟನ್ನು ಖಾಲಿ ಮಾಡಿ ಬೋರಲು ಹಾಕಿ ನೋಡಿ. ತಳದ ನಟ್ಟನಡುವೆ ಒಂದು ಸಣ್ಣ ಗಂಟು ಕೈಗೆ ಹತ್ತುತ್ತದೆ. ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಕ್ಕೆ ನುಗ್ಗಿದ್ದು ಅಲ್ಲಿಂದ. ಕಾರ್ಖಾನೆಯವರು ಅದನ್ನು ಗೇಟ್ ಎನ್ನುತ್ತಾರೆ. ಪಕ್ಕದಲ್ಲೇ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 5 ಎಂದಿದ್ದರೆ ಪಾಲಿಪ್ರೊಪಿಲೀನ್, 2 ಎಂದಿದ್ದರೆ ಪಾಲಿಎಥಿಲೀನಿನ ಒಂದು ಬಗೆಯಾದ ಎಚ್‌ಡಿಪಿಇ. ಅಮೆರಿಕದ ಪ್ಲಾಸ್ಟಿಕ್ ಉದ್ಯಮ 1988ರಲ್ಲಿ ಜಾರಿಗೆ ತಂದ ಈ ಗುರುತು ಇಂದು ನಮ್ಮ ಊರಿನ ಸಂತೆಯ ಬಕೆಟ್ಟಿನ ಮೇಲೂ ಇದೆ. ಬಾಯಿಯ ಅಂಚನ್ನು ಸವರಿ ನೋಡಿದರೆ ಅದು ಹೊರಕ್ಕೆ ಮಡಚಿಕೊಂಡಿರುವುದು ತಿಳಿಯುತ್ತದೆ. ತಳದಲ್ಲಿ ತೆಳುವಾದ ಪಟ್ಟಿಗಳು ಎದ್ದಿರುತ್ತವೆ, ಅವು ರಿಬ್‌ಗಳು. ಇನ್ನು ಗೋಡೆ: ಅದು ನೆಟ್ಟಗಿಲ್ಲ, ಬಾಯಿ ಅಗಲ, ತಳ ಕಿರಿದು.

ಒಂದು ಬಕೆಟ್ಟು ತಾನು ಹೇಗೆ ಹುಟ್ಟಿತೆಂಬುದನ್ನು ಇಷ್ಟೊಂದು ವಿವರವಾಗಿ ತನ್ನ ಮೈಮೇಲೇ ಬರೆದುಕೊಂಡಿರುತ್ತದೆ. ಉತ್ಪನ್ನ ವಿನ್ಯಾಸ ಕಲಿಯಬೇಕೆಂದು ಬರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವ ಮಾತು ಇದೇ: ಹೊಸದನ್ನು ಬಿಡಿಸುವ ಮೊದಲು ಇರುವುದನ್ನು ಓದಿ. ಯಾವ ವಸ್ತು, ಯಾವ ವಿಧಾನ, ಎಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೆರೆ, ಎಲ್ಲಿ ತಯಾರಾದ ತುಂಡನ್ನು ಅಚ್ಚಿನಿಂದ ಹೊರಕ್ಕೆ ತಳ್ಳಿದ ಪಿನ್ನಿನ ದುಂಡು ಗುರುತು. ಮನೆಯಲ್ಲಿರುವ ಟಾರ್ಚು, ಮಿಕ್ಸಿ, ಸ್ವಿಚ್ ಬೋರ್ಡು, ಕುರ್ಚಿ ಎಲ್ಲವೂ ಪಾಠಗಳು. ಶುಲ್ಕವಿಲ್ಲ.

ಬಕೆಟ್ಟಿನ ಗೋಡೆ ಓರೆಯಾಗಿರುವುದಕ್ಕೆ ಕಾರಣ ಒಂದರೊಳಗೊಂದು ಕೂರಿಸಿ ಲಾರಿಗೆ ಹೇರುವ ಅನುಕೂಲ ಎಂದು ಅನೇಕರು ತಿಳಿದಿದ್ದಾರೆ. ಆ ಅನುಕೂಲ ನಿಜ. ಆದರೆ ಓರೆ ಇಲ್ಲದಿದ್ದರೆ ಬಕೆಟ್ಟು ಅಚ್ಚು ಬಿಟ್ಟು ಬರುವುದೇ ಕಷ್ಟ. 200 ಡಿಗ್ರಿಗೂ ಮೀರಿ ಕಾಯ್ದ ಪಾಲಿಪ್ರೊಪಿಲೀನನ್ನು ಭಾರೀ ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ತುಂಬುತ್ತಾರೆ. ತಣಿಯುತ್ತಾ ಅದು ಕುಗ್ಗುತ್ತದೆ, ಕುಗ್ಗುತ್ತಾ ಒಳಗಿನ ಉಕ್ಕಿನ ತಿರುಳನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಗೋಡೆ ನೆಟ್ಟಗಿದ್ದರೆ ಕೊನೆಯ ಅಂಗುಲದವರೆಗೂ ಉಜ್ಜಿಕೊಂಡೇ ಬರಬೇಕು, ಮೈಯೆಲ್ಲ ತರಚುತ್ತದೆ, ಇಲ್ಲವೇ ಪಿನ್ನು ತಳವನ್ನೇ ತೂತು ಮಾಡುತ್ತದೆ. ಒಂದೆರಡು ಡಿಗ್ರಿ ಓರೆ ಕೊಟ್ಟರೆ ಸಾಕು, ಕೂದಲೆಳೆಯಷ್ಟು ಸರಿದ ಕೂಡಲೇ ಗೋಡೆ ಉಕ್ಕಿನಿಂದ ಪೂರ್ತಿ ಬಿಡುಗಡೆಯಾಗುತ್ತದೆ. ಇಡ್ಲಿ ತಟ್ಟೆಯ ಗುಳಿಗಳು ಲೋಟದಂತೆ ನೆಟ್ಟಗಿರದೆ ಬಟ್ಟಲಿನಂತೆ ಇರುವುದೂ ಈ ಕಾರಣಕ್ಕೇ. ಬೆಂದ ಇಡ್ಲಿ ಮುರಿಯದೆ ಏಳಬೇಕಲ್ಲ. ಕಾರ್ಖಾನೆಯ ಮಾತಿನಲ್ಲಿ ಈ ಓರೆಗೆ ಡ್ರಾಫ್ಟ್ ಎಂದು ಹೆಸರು.

ಡ್ರಾಫ್ಟ್ ಪ್ಲಾಸ್ಟಿಕ್ ಯುಗದ ವಿದ್ಯೆಯಲ್ಲ. ಬೆಳಗಾವಿಯ ಫೌಂಡ್ರಿಗಳಲ್ಲಿ ಮರಳಿನ ಅಚ್ಚಿಗೆ ಮಾದರಿ ಮಾಡುವ ಪ್ಯಾಟರ್ನ್ ಕೆಲಸಗಾರರಿಗೆ ಅದು ದಿನದ ಲೆಕ್ಕ. ಮರದ ಮಾದರಿಯನ್ನು ಮರಳಿನಿಂದ ಮೇಲೆತ್ತುವಾಗ ಮರಳು ಕುಸಿಯಬಾರದು, ಹಾಗಾಗಿ ಓರೆ ಬೇಕು. ಅವರು ಇನ್ನೊಂದು ಲೆಕ್ಕವನ್ನೂ ಇಡುತ್ತಾರೆ. ಕರಗಿದ ಬೀಡುಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ, ಆದ್ದರಿಂದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಮಾಡಬೇಕು. ಇದಕ್ಕೆಂದೇ ಗೆರೆಗಳ ಅಂತರವನ್ನು ತುಸು ಹಿಗ್ಗಿಸಿ ಕೊರೆದ ಅಳತೆಪಟ್ಟಿ ಇದೆ. ಅದರ ಒಂದು ಸೆಂಟಿಮೀಟರು ನಮ್ಮ ಒಂದು ಸೆಂಟಿಮೀಟರಿಗಿಂತ ಉದ್ದ. ವಸ್ತುವಿನ ಗುಣ ಅಳತೆಗೋಲನ್ನೇ ಬದಲಿಸಿಬಿಟ್ಟ ಈ ಉದಾಹರಣೆ ನನಗೆ ತುಂಬ ಇಷ್ಟ.

ಕಂಪ್ಯೂಟರ್ ಪರದೆಯ ಮೇಲೆ ಇದು ಯಾವುದೂ ಕಾಣುವುದಿಲ್ಲ. ಅಲ್ಲಿ ಬಿಡಿಸಿದ ಡಬ್ಬ ಕುಗ್ಗುವುದಿಲ್ಲ, ಅಚ್ಚಿಗೆ ಅಂಟುವುದಿಲ್ಲ, ಬಿಸಿಲಿಗೆ ಬಾಗುವುದಿಲ್ಲ. ಹೊಸಬರು ಮಾಡುವ ಡ್ರಾಯಿಂಗುಗಳಲ್ಲಿ ಗೋಡೆ ಒಂದು ಕಡೆ 2 ಮಿಲಿಮೀಟರು, ಮತ್ತೊಂದು ಕಡೆ 8 ಮಿಲಿಮೀಟರು ಇರುತ್ತದೆ. ಸ್ಕ್ರೂ ಕೂರುವ ಜಾಗ ಭದ್ರವಾಗಿರಲಿ ಎಂಬುದು ಅವರ ಕಾಳಜಿ. ಆದರೆ ದಪ್ಪ ಭಾಗ ಒಳಗೆ ಇನ್ನೂ ಕುದಿಯುತ್ತಿರುವಾಗಲೇ ಹೊರಗಿನ ಚರ್ಮ ಗಟ್ಟಿಯಾಗಿರುತ್ತದೆ. ಒಳಗಿನದು ನಿಧಾನವಾಗಿ ತಣಿದು ಕುಗ್ಗುವಾಗ ಆ ಚರ್ಮವನ್ನು ಒಳಕ್ಕೆಳೆಯುತ್ತದೆ, ಮೇಲ್ಮೈಯಲ್ಲಿ ಕುಳಿ ಬೀಳುತ್ತದೆ. ಅದೇ ಸಿಂಕ್ ಮಾರ್ಕ್. ಜೊತೆಗೆ ತಣಿಯಲು ಬೇಕಾದ ಹೊತ್ತು ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡರಷ್ಟಾದರೆ ಕಾಯುವ ಹೊತ್ತು ನಾಲ್ಕರಷ್ಟು. ಮಷೀನು ಕಾಯುವ ಪ್ರತಿ ಸೆಕೆಂಡಿಗೂ ದುಡ್ಡಿದೆ. ಹಾಗಾಗಿ ಬಲ್ಲವರು ಗೋಡೆಯನ್ನು ಎಲ್ಲೆಡೆ ಒಂದೇ ದಪ್ಪ ಇಟ್ಟು, ಬಲ ಬೇಕಾದಲ್ಲಿ ಗೋಡೆಯ ಅರ್ಧದಷ್ಟು ದಪ್ಪದ ರಿಬ್ ಎಬ್ಬಿಸುತ್ತಾರೆ. ಬಕೆಟ್ಟಿನ ತಳದಲ್ಲಿ ಕಂಡದ್ದು ಅದೇ.

ವಸ್ತುಗಳನ್ನು ಕಲಿಯುವುದು ಹೇಗೆ? ಗುಣಗಳ ಪಟ್ಟಿ ಬಾಯಿಪಾಠ ಮಾಡಿ ಯಾರೂ ಕಲಿತಿಲ್ಲ. ಕೈಗೆ ತೆಗೆದುಕೊಂಡು ಬಗ್ಗಿಸಬೇಕು, ಕೊಯ್ಯಬೇಕು, ಅರದಲ್ಲಿ ಉಜ್ಜಬೇಕು, ಮುರಿಯಬೇಕು. ಶಾಂಪೂ ಬಾಟಲಿಯ ಮುಚ್ಚಳವನ್ನೇ ನೋಡಿ. ಮುಚ್ಚಳ, ಬುಡ, ನಡುವಿನ ಕೀಲು ಮೂರೂ ಒಂದೇ ತುಂಡು. ಕೀಲಿನ ಜಾಗದಲ್ಲಿ ಪಾಲಿಪ್ರೊಪಿಲೀನನ್ನು ಕಾಗದದಷ್ಟು ತೆಳುವಾಗಿ ಬಿಟ್ಟಿರುತ್ತಾರೆ. ಅಚ್ಚಿನಿಂದ ಬಂದ ಕೂಡಲೇ ಅದನ್ನು ಮಡಚಿದಾಗ ಒಳಗಿನ ಉದ್ದುದ್ದ ಅಣುಗಳು ಒಂದೇ ದಿಕ್ಕಿಗೆ ಸಾಲಾಗಿ ನಿಲ್ಲುತ್ತವೆ, ಆಮೇಲೆ ಸಾವಿರಾರು ಬಾರಿ ತೆರೆದು ಮುಚ್ಚಿದರೂ ಅದು ಹರಿಯುವುದಿಲ್ಲ. ಇಟಲಿಯ ಜೂಲಿಯೋ ನಟ್ಟಾ 1954ರಲ್ಲಿ ಈ ವಸ್ತುವನ್ನು ಸ್ಫಟಿಕಗಟ್ಟುವ ರೂಪದಲ್ಲಿ ತಯಾರಿಸಿದರು, 1963ರಲ್ಲಿ ಅವರಿಗೂ ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೂ ನೊಬೆಲ್ ಬಂತು. ಇದೇ ಕೀಲನ್ನು ಟಿವಿ, ಹೆಲ್ಮೆಟ್‌ಗಳ ಹೊರಮೈಗೆ ಬಳಸುವ ಪ್ಲಾಸ್ಟಿಕ್ಕಾದ ಎಬಿಎಸ್‌ನಲ್ಲಿ ಮಾಡಿದರೆ ಕೆಲವೇ ಮಡಿಕೆಗಳಲ್ಲಿ ಬಿಳಿಚಿಕೊಂಡು ತುಂಡಾಗುತ್ತದೆ. ಹಾಗೆಂದು ಎಬಿಎಸ್ ಕೀಳಲ್ಲ. ಅದು ಕುಗ್ಗುವುದು ಕಡಿಮೆ, ಅಳತೆ ಚೆನ್ನಾಗಿ ಹಿಡಿಯುತ್ತದೆ, ಮೇಲ್ಮೈಗೆ ಹೊಳಪು ಬರುತ್ತದೆ, ಬಣ್ಣ ಹಿಡಿಯುತ್ತದೆ. ಪಾಲಿಪ್ರೊಪಿಲೀನ್ ಮೇಲೆ ಅಂಟಾಗಲಿ ಬಣ್ಣವಾಗಲಿ ಸುಲಭವಾಗಿ ನಿಲ್ಲುವುದಿಲ್ಲ.

ಇನ್ನೊಂದು ಗೊಂದಲ ಎಂಜಿನಿಯರಿಂಗ್ ಮುಗಿಸಿದವರಲ್ಲೂ ಇದೆ. ಬಾಗದಿರುವ ಗುಣ ಬೇರೆ, ಮುರಿಯದಿರುವ ಗುಣ ಬೇರೆ. ತಗಡಿನ ರ್ಯಾಕಿನ ಹಲಗೆ ಪುಸ್ತಕದ ಭಾರಕ್ಕೆ ಬಾಗುತ್ತಿದೆ ಎಂದುಕೊಳ್ಳಿ. ದುಬಾರಿ ಉಕ್ಕು ಹಾಕಿದರೆ ಸರಿಹೋಗುತ್ತದೆಂದು ಬಹಳ ಮಂದಿ ನಂಬುತ್ತಾರೆ. ಹೋಗುವುದಿಲ್ಲ. ಸಾದಾ ಉಕ್ಕಾಗಲಿ, ಗಟ್ಟಿ ಸ್ಪ್ರಿಂಗ್ ಉಕ್ಕಾಗಲಿ, ಅದೇ ಭಾರಕ್ಕೆ ಬಾಗುವುದು ಹೆಚ್ಚುಕಡಿಮೆ ಅಷ್ಟೇ. ದುಬಾರಿ ಉಕ್ಕು ಇನ್ನೂ ಹೆಚ್ಚು ಬಾಗಿದ ಮೇಲೂ ಹಿಂದಕ್ಕೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಬಾಗುವುದನ್ನು ತಡೆಯಬೇಕಾದರೆ ಆಕಾರ ಬದಲಾಗಬೇಕು. ದಪ್ಪ ಎರಡರಷ್ಟು ಮಾಡಿದರೆ ಹಲಗೆ ಎಂಟುಪಟ್ಟು ಬಿಗಿಯಾಗುತ್ತದೆ, ಆದರೆ ತೂಕವೂ ಖರ್ಚೂ ಎರಡರಷ್ಟು. ಅಂಚನ್ನು ಒಂದಂಗುಲ ಕೆಳಕ್ಕೆ ಮಡಚಿದರೆ ತುಸುವೇ ಹೆಚ್ಚು ತಗಡಿನಲ್ಲಿ ಕೆಲಸ ಆಗುತ್ತದೆ. ಬೆಂಗಳೂರಿನ ಪೀಣ್ಯದ ಯಾವುದೇ ಫ್ಯಾಬ್ರಿಕೇಶನ್ ಶೆಡ್ಡಿನ ಮೇಸ್ತ್ರಿಗೆ ಇದು ಗೊತ್ತು. ಸ್ಟೇನ್‌ಲೆಸ್ ತಗಡು 90 ಡಿಗ್ರಿಗೆ ನಿಲ್ಲಬೇಕಾದರೆ ಒಂದೆರಡು ಡಿಗ್ರಿ ಹೆಚ್ಚೇ ಬಗ್ಗಿಸಬೇಕು, ಬಿಟ್ಟ ಕೂಡಲೇ ಅದು ಹಿಂದಕ್ಕೆ ಚಿಮ್ಮುತ್ತದೆ ಎಂಬುದೂ ಗೊತ್ತು. ಮಡಿಕೆಯ ಹತ್ತಿರ ತೂತು ಕೊರೆದರೆ ಅದು ಮೊಟ್ಟೆಯಾಕಾರಕ್ಕೆ ಎಳೆದುಕೊಳ್ಳುತ್ತದೆ ಎಂಬುದೂ.

ವಸ್ತುವಿನ ಜೊತೆ ಜಗಳವಾಡಿ ಕಲಿತವರ ಕಥೆಗಳಲ್ಲಿ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯದು ನನಗೆ ಅತಿ ಮುಖ್ಯ. 1940ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ತಮ್ಮ ಬಾಡಿಗೆ ಮನೆಯಲ್ಲೇ ಅವರು ಪ್ಲೈವುಡ್ ಬಗ್ಗಿಸುವ ಯಂತ್ರ ಕಟ್ಟಿಕೊಂಡಿದ್ದರು. ಪ್ಲಾಸ್ಟರಿನ ಅಚ್ಚು, ಅದರ ಮೇಲೆ ಅಂಟು ಸವರಿದ ತೆಳು ಮರದ ಪದರಗಳು, ಅವನ್ನು ಒತ್ತಲು ರಬ್ಬರಿನ ಚೀಲ, ಆ ಚೀಲಕ್ಕೆ ಗಾಳಿ ತುಂಬಲು ಸೈಕಲ್ ಪಂಪು. ಒಂದು ದಿಕ್ಕಿಗೆ ಬಗ್ಗಿಸಿದರೆ ಪ್ಲೈವುಡ್ ಒಪ್ಪುತ್ತದೆ. ಎರಡು ದಿಕ್ಕಿಗೆ ಒಟ್ಟಿಗೆ ಬಗ್ಗಿಸಿದರೆ ಬಿರಿಯುತ್ತದೆ, ಏಕೆಂದರೆ ಮರದ ನಾರು ಹಿಗ್ಗುವುದಿಲ್ಲ. ಆಗ ಎರಡನೆಯ ಮಹಾಯುದ್ಧದ ಕಾಲ. ಗಾಯಾಳುಗಳ ಕಾಲಿಗೆ ಕಟ್ಟುತ್ತಿದ್ದ ಲೋಹದ ಪಟ್ಟಿಗಳು ಸ್ಟ್ರೆಚರಿನ ಅದುರಾಟವನ್ನು ಹೆಚ್ಚಿಸಿ ಗಾಯವನ್ನು ಕೆಡಿಸುತ್ತಿದ್ದವು. ಈಮ್ಸ್ ತಮ್ಮ ಕಾಲನ್ನೇ ಅಚ್ಚಾಗಿ ತೆಗೆದುಕೊಂಡು ಪ್ಲೈವುಡ್ಡಿನ ಪಟ್ಟಿ ಮಾಡಿದರು. ಬಿರಿಯುವ ಜಾಗಗಳಲ್ಲಿ ಮರವನ್ನು ಮೊದಲೇ ಕತ್ತರಿಸಿ ಕಂಡಿಗಳನ್ನು ಬಿಟ್ಟರು. ಬಾಗುವಾಗ ಹುಟ್ಟುವ ಎಳೆತಕ್ಕೆ ಅವು ದಾರಿಯಾದವು. ಅದೇ ಕಂಡಿಗಳ ಮೂಲಕ ಬ್ಯಾಂಡೇಜು ಬಟ್ಟೆಯನ್ನು ತೂರಿಸಿ ಕಾಲನ್ನು ಕಟ್ಟಬಹುದಾಯಿತು. ಅಮೆರಿಕದ ನೌಕಾಪಡೆ ಅವನ್ನು ಕೊಂಡಿತು, ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1.5 ಲಕ್ಷ ಪಟ್ಟಿಗಳು ತಯಾರಾಗಿದ್ದವು.

ಕಂಡಿ ಅಲಂಕಾರಕ್ಕೆ ಬಂದದ್ದಲ್ಲ, ಬಿರಿಯುತ್ತಿದ್ದ ಮರ ಹೇಳಿಕೊಟ್ಟದ್ದು. ಮುಂದೆ ಇದೇ ಜೋಡಿ ಇಡೀ ಕುರ್ಚಿಯನ್ನು ಒಂದೇ ಪ್ಲೈವುಡ್ ಹಾಳೆಯಲ್ಲಿ ಬಗ್ಗಿಸಲು ಹೆಣಗಿ, ಆಗದೆ, ಕೂರುವ ಹಲಗೆಯನ್ನೂ ಬೆನ್ನಿನ ಹಲಗೆಯನ್ನೂ ಬೇರೆ ಮಾಡಿತು. 1940ರ ದಶಕದ ನಡುವೆ ಬಂದ ಆ ಕುರ್ಚಿ ಇಂದಿಗೂ ಮಾರಾಟದಲ್ಲಿದೆ. 1958ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದು ಈ ದಂಪತಿ ಬರೆದ ವರದಿಯೇ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬುನಾದಿ. ಸಂಸ್ಥೆ 1961ರಲ್ಲಿ ಶುರುವಾಯಿತು. ದೇಶದಲ್ಲಿ ಕಂಡ ಎಲ್ಲ ವಸ್ತುಗಳಲ್ಲಿ ಅವರು ಹೊಗಳಿ ಬರೆದದ್ದು ನಮ್ಮ ಲೋಟಾ ಬಗ್ಗೆ, ಅಂದರೆ ನೀರಿನ ಚೊಂಬು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ತುಂಬಿದಾಗಲೂ ಬರಿದಾದಾಗಲೂ ತೂಕ ಹೇಗಿರಬೇಕು, ಹೇಗೆ ಸುರಿಯಬೇಕು, ತಿಕ್ಕುವುದು ಹೇಗೆ, ಬೆಲೆ ಎಷ್ಟು ಎಂದು ಅವರು ಸಾಲುಸಾಲಾಗಿ ಯೋಚಿಸಿದ್ದರು. ತಲೆಮಾರುಗಳ ಅನಾಮಿಕ ಕೈಗಳು ತಿದ್ದಿದ ರೂಪ ಅದೆಂದು ಅವರಿಗೆ ಅರ್ಥವಾಗಿತ್ತು.

ಮೂಲಮಾದರಿ, ಅಂದರೆ ಪ್ರೊಟೊಟೈಪ್, ಎಂದರೆ ಕೊನೆಯ ವಸ್ತುವಿನ ಚೆಂದದ ನಕಲು ಎಂಬ ತಿಳಿವಳಿಕೆ ಹರಡಿದೆ. ನನ್ನ ಮಟ್ಟಿಗೆ ಪ್ರೊಟೊಟೈಪ್ ಎಂದರೆ ಒಂದು ಪ್ರಶ್ನೆ. ಕೈಯಲ್ಲಿ ಹಿಡಿಯಲು ಹಿತವಾಗಿದೆಯೇ ಎಂದು ಕೇಳಬೇಕಾದರೆ ಥರ್ಮೋಕೋಲನ್ನೋ ಗಟ್ಟಿ ಫೋಮನ್ನೋ ಹತ್ತು ಆಕಾರಗಳಲ್ಲಿ ಕೊಯ್ದು ಅಜ್ಜಿಯ ಕೈಗೂ ಮಗುವಿನ ಕೈಗೂ ಕೊಡಿ. ಅಲ್ಲಿ ಬಣ್ಣ ಬೇಡ, ಬೆಲೆಬಾಳುವ ವಸ್ತು ಬೇಡ. ಮೇಜಿನ ಮೇಲೆ ಎಷ್ಟು ಜಾಗ ಹಿಡಿಯುತ್ತದೆಂಬ ಪ್ರಶ್ನೆಗೆ ರಟ್ಟಿನ ಪೆಟ್ಟಿಗೆ ಸಾಕು. ಹತ್ತು ವರ್ಷ ಬಾಳುತ್ತದೆಯೇ ಎಂಬ ಪ್ರಶ್ನೆಗೆ ಮಾತ್ರ ನಿಜವಾದ ವಸ್ತುವೇ, ನಿಜವಾದ ವಿಧಾನದಲ್ಲೇ ಆಗಿರಬೇಕು. ಒಂದೇ ಮಾದರಿಯಿಂದ ಎಲ್ಲ ಉತ್ತರ ಪಡೆಯಲು ಹೊರಟವರು ತಿಂಗಳುಗಟ್ಟಲೆ ಅದನ್ನು ಚೆಂದ ಮಾಡುತ್ತಾ ಕೂರುತ್ತಾರೆ. ಅಷ್ಟು ಚೆಂದ ಮಾಡಿದ ಮೇಲೆ ಅದನ್ನು ಬಿಸಾಕಲು ಮನಸ್ಸೂ ಬರುವುದಿಲ್ಲ.

ಸರಿಯಾದ ಪ್ರಶ್ನೆ ಕೇಳಿದರೆ ಏನಾಗಬಹುದೆಂಬುದಕ್ಕೆ ಜೈಪುರ ಕಾಲು ಸಾಕ್ಷಿ. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಮೂಳೆತಜ್ಞ ಪ್ರಮೋದ್ ಕರಣ್ ಸೇಠಿ ಇದ್ದರು, ಹೆಚ್ಚು ಓದಿಲ್ಲದ ಕುಶಲಕರ್ಮಿ ರಾಮಚಂದ್ರ ಶರ್ಮಾ ಇದ್ದರು. ಪಶ್ಚಿಮದ ಕೃತಕ ಕಾಲು ಬೂಟಿನೊಳಗೆ ಇರಲೆಂದು ಮಾಡಿದ್ದು. ನಮ್ಮವರು ಬರಿಗಾಲಲ್ಲಿ ಗದ್ದೆಗೆ ಇಳಿಯಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರಬೇಕು. ಆ ಕಾಲು ಇದ್ಯಾವುದಕ್ಕೂ ಒದಗುತ್ತಿರಲಿಲ್ಲ, ಕೊಟ್ಟರೂ ಜನ ಮೂಲೆಗಿಟ್ಟು ಊರುಗೋಲು ಹಿಡಿಯುತ್ತಿದ್ದರು. ಉತ್ತರ ಸಿಕ್ಕಿದ್ದು ಟಯರ್ ರೀಟ್ರೆಡಿಂಗ್ ಕಸುಬಿನಿಂದ. ರಬ್ಬರನ್ನು ಅಚ್ಚಿನಲ್ಲಿ ಬೇಯಿಸಿ ಗಟ್ಟಿಮಾಡುವ ಆ ವಿದ್ಯೆಯಲ್ಲೇ ಪಾದ ತಯಾರಾಯಿತು. ಹಿಮ್ಮಡಿಗೆ ಮೆತ್ತನೆಯ ಸ್ಪಂಜು ರಬ್ಬರು, ಹೊರಗೆ ಗಟ್ಟಿ ರಬ್ಬರಿನ ಚರ್ಮ, ಬಲಕ್ಕೆ ಟಯರಿನ ನೂಲು. ಕೆಸರಿಗೂ ನೀರಿಗೂ ಅದು ಜಗ್ಗಲಿಲ್ಲ. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಾಮಚಂದ್ರರ ಹೆಸರನ್ನೂ ಅಷ್ಟೇ ಗೌರವದಿಂದ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ತ್ರೀಡಿ ಪ್ರಿಂಟರ್ ಬಂದಿದೆ. 1986ರಲ್ಲಿ ಚಕ್ ಹಲ್ ಪೇಟೆಂಟ್ ಪಡೆದ ದ್ರವ ರಾಳದ ವಿಧಾನ ಒಂದು, ಅನಂತರ ಸ್ಕಾಟ್ ಕ್ರಂಪ್ ಕಂಡುಹಿಡಿದ, ಪ್ಲಾಸ್ಟಿಕ್ ನೂಲನ್ನು ಕರಗಿಸಿ ಪದರದ ಮೇಲೆ ಪದರ ಬಿಡುವ ವಿಧಾನ ಇನ್ನೊಂದು. ಎರಡನೆಯದರ ಮುಖ್ಯ ಪೇಟೆಂಟ್ 2009ರಲ್ಲಿ ಮುಗಿದ ಮೇಲೆ ಯಂತ್ರಗಳ ಬೆಲೆ ಇಳಿಯಿತು, ಕಾಲೇಜುಗಳಿಗೂ ಮನೆಗಳಿಗೂ ಬಂದವು. ಇದು ನಿಜಕ್ಕೂ ದೊಡ್ಡ ವರ. ಸಂಜೆ ಬಿಡಿಸಿದ್ದು ಬೆಳಿಗ್ಗೆ ಕೈಯಲ್ಲಿರುತ್ತದೆ. ಆದರೆ ಪ್ರಿಂಟರಿಗೆ ಡ್ರಾಫ್ಟ್ ಬೇಕಿಲ್ಲ, ಸಮದಪ್ಪದ ಗೋಡೆ ಬೇಕಿಲ್ಲ, ಒಳಗಡೆ ಕೊಕ್ಕೆಯಿದ್ದರೂ ಅದು ಮಾಡಿಕೊಡುತ್ತದೆ. ಹಾಗಾಗಿ ಪ್ರಿಂಟಿನಲ್ಲಿ ಚೆನ್ನಾಗಿ ಬಂದದ್ದು ಅಚ್ಚಿನಲ್ಲಿ ಬರದೇ ಹೋಗಬಹುದು. ಪದರಗಳ ನಡುವಿನ ಬೆಸುಗೆ ದುರ್ಬಲವಾದ್ದರಿಂದ ಒಂದು ದಿಕ್ಕಿಗೆ ಎಳೆದರೆ ತಡೆಯುವ ಕ್ಲಿಪ್ಪು ಇನ್ನೊಂದು ದಿಕ್ಕಿಗೆ ಎಳೆದರೆ ಪದರ ಬಿಟ್ಟು ಬರುತ್ತದೆ. ಸಾಮಾನ್ಯವಾಗಿ ಬಳಸುವ ಪ್ಲಾಸ್ಟಿಕ್ಕಾದ ಪಿಎಲ್‌ಎ 60 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ, ಬೇಸಗೆಯಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಸೊಟ್ಟಗಾಗಿಬಿಡುತ್ತದೆ. ಆದ್ದರಿಂದ ಪ್ರಿಂಟ್ ಮಾಡಿದ ತುಂಡನ್ನು ಆಕಾರದ ಪ್ರಶ್ನೆಗೆ ಬಳಸಿ, ಬಾಳಿಕೆಯ ಪ್ರಶ್ನೆಗೆ ಅದರ ಮಾತು ನಂಬಬೇಡಿ.

ಯಾವ ವಿಧಾನ ಎಂಬುದನ್ನು ಕಡೆಗೂ ತೀರ್ಮಾನಿಸುವುದು ಎಷ್ಟು ಎಂಬ ಸಂಖ್ಯೆ. ಉಕ್ಕಿನ ಅಚ್ಚಿಗೆ 5 ಲಕ್ಷ ರೂಪಾಯಿ ಬಿತ್ತೆಂದುಕೊಳ್ಳಿ. 500 ತುಂಡು ಮಾಡಿದರೆ ಪ್ರತಿಯೊಂದರ ಮೇಲೂ 1000 ರೂಪಾಯಿ ಅಚ್ಚಿನ ಹೊರೆ. 5 ಲಕ್ಷ ತುಂಡು ಮಾಡಿದರೆ 1 ರೂಪಾಯಿ. ಹಾಗಾದರೆ ಹತ್ತಿಪ್ಪತ್ತು ಬೇಕಾದವರು ಏನು ಮಾಡಬೇಕು? ಒಂದು ಒಳ್ಳೆಯ ಮಾದರಿ ಮಾಡಿ, ಅದರ ಸುತ್ತ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆದು, ಅದರಲ್ಲಿ ಪಾಲಿಯುರೆಥೇನ್ ಎರೆಯಬಹುದು. ಅಂಥ ಅಚ್ಚು ಇಪ್ಪತ್ತರ ಆಸುಪಾಸಿನಲ್ಲಿ ಸೋಲುತ್ತದೆ, ಅಷ್ಟರಲ್ಲಿ ನಿಮ್ಮ ಪರೀಕ್ಷೆಗಳು ಮುಗಿದಿರುತ್ತವೆ. ದೊಡ್ಡದಾದ ಟೊಳ್ಳು ವಸ್ತುವಾದರೆ ಮಹಡಿಯ ಮೇಲಿನ ಕಪ್ಪು ನೀರಿನ ಟ್ಯಾಂಕಿನ ದಾರಿ ಇದೆ. ಟೊಳ್ಳು ಅಚ್ಚಿಗೆ ಪಾಲಿಎಥಿಲೀನ್ ಪುಡಿ ಹಾಕಿ ಒಲೆಯೊಳಗೆ ಎರಡು ದಿಕ್ಕಿಗೆ ಉರುಳಿಸುತ್ತಾರೆ, ಪುಡಿ ಕರಗಿ ಗೋಡೆಗೆ ಹತ್ತುತ್ತದೆ. ಒತ್ತಡವಿಲ್ಲದ್ದರಿಂದ ಅಚ್ಚು ಅಗ್ಗ, ಆದರೆ ಒಂದೊಂದು ಟ್ಯಾಂಕಿಗೂ ಬಹಳ ಹೊತ್ತು.

ವಸ್ತು, ಯಂತ್ರ, ಆಕಾರ ಮೂರೂ ಒಂದಾಗಿರುವುದನ್ನು ಒಂದೇ ಬೆಳಗಿನಲ್ಲಿ ನೋಡಬೇಕೆಂದರೆ ಚನ್ನಪಟ್ಟಣಕ್ಕೆ ಹೋಗಿ. ಅಲ್ಲಿನ ಗೊಂಬೆಗಳು ದುಂಡಗಿರುವುದು ಲೇತ್ ತಿರುಗುವುದರಿಂದ. ಹಾಲೆ ಮರವನ್ನು ಆರಿಸಿಕೊಂಡದ್ದು ಅದರ ನಾರು ಸಣ್ಣದು, ಬಣ್ಣ ಬಿಳಿ, ಉಳಿಗೆ ಹಿತವಾಗಿ ಬರುತ್ತದೆ ಎಂದು. ಹಸಿ ಮರ ಒಣಗುತ್ತಾ ಕುಗ್ಗಿ ಸೀಳುವುದರಿಂದ ತಿಂಗಳುಗಟ್ಟಲೆ ಆರಬಿಡುತ್ತಾರೆ. ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಬಳಿಕ ತಾಳೆಗರಿಯನ್ನು ಒತ್ತಿ ಹಿಡಿದು ಅದನ್ನು ಸಮನಾಗಿ ಹರಡಿ ಹೊಳಪು ತರುತ್ತಾರೆ. ಕುಂಚವಿಲ್ಲ, ಒಲೆಯಿಲ್ಲ, ಒಣಗಲು ಕಾಯುವ ಕೆಲಸವಿಲ್ಲ. ಬಣ್ಣ ಬಳಿಯುವುದೂ ಆಕಾರ ಕೊಡುವುದೂ ಒಂದೇ ಯಂತ್ರದ ಮೇಲೆ, ಒಂದೇ ಕೂರಿಕೆಯಲ್ಲಿ. ಪ್ರಪಂಚದ ಯಾವ ವಿನ್ಯಾಸ ಶಾಲೆಯೂ ಇದಕ್ಕಿಂತ ಚೆನ್ನಾಗಿ ತಯಾರಿಕೆಯ ಪಾಠ ಹೇಳಲಾರದು.

ಕಲಿಯುವವರಿಗೆ ನಮ್ಮ ರಾಜ್ಯದಲ್ಲಿ ಜಾಗಗಳಿಗೆ ಕೊರತೆಯಿಲ್ಲ. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನ ರಾಜಾಜಿನಗರದಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನಾವೆಲ್ಲ ಜಿಟಿಟಿಸಿ ಎನ್ನುವುದು, ಇಂದು ಹಲವು ಜಿಲ್ಲೆಗಳಲ್ಲಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಅಲ್ಲಿ ಟೂಲ್ ಅಂಡ್ ಡೈ ಡಿಪ್ಲೊಮಾ ಓದಬಹುದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉತ್ಪನ್ನ ವಿನ್ಯಾಸದ ಸ್ನಾತಕೋತ್ತರ ವ್ಯಾಸಂಗವಿದೆ, ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಒಂದು ಕ್ಯಾಂಪಸ್ಸೂ ಬೆಂಗಳೂರಿನಲ್ಲಿದೆ. ಪುಸ್ತಕ ಕೇಳುವವರಿಗೆ ರಾಬ್ ಥಾಂಪ್ಸನ್ ಅವರ ‘ಮ್ಯಾನುಫ್ಯಾಕ್ಚರಿಂಗ್ ಪ್ರೊಸೆಸಸ್ ಫಾರ್ ಡಿಸೈನ್ ಪ್ರೊಫೆಷನಲ್ಸ್’, ಕ್ರಿಸ್ ಲೆಫ್ಟೆರಿ ಅವರ ‘ಮೇಕಿಂಗ್ ಇಟ್’ ಎರಡನ್ನು ಹೇಳುತ್ತೇನೆ. ಎರಡೂ ಇಂಗ್ಲಿಷ್, ಎರಡೂ ದುಬಾರಿ, ಲೈಬ್ರರಿಯಲ್ಲಿ ಸಿಕ್ಕರೆ ಬಿಡಬೇಡಿ. ಚಿತ್ರಗಳೇ ಅರ್ಧ ಪಾಠ ಹೇಳುತ್ತವೆ.

ಕಾಲೇಜುಗಳಿಗೆ ಒಂದು ಕೋರಿಕೆ: ವರ್ಕ್‌ಶಾಪಿನ ಬೀಗವನ್ನು ಪರೀಕ್ಷೆಯ ದಿನಕ್ಕೆ ಮಾತ್ರ ತೆಗೆಯಬೇಡಿ, ಸಂಜೆಯೂ ತೆರೆದಿಡಿ, ಮುರಿದು ನೋಡಲು ಒಂದಷ್ಟು ಸಾಮಾನು ಕೊಡಿ. ಪೀಣ್ಯ, ಬೆಳಗಾವಿ, ಶಿವಮೊಗ್ಗ, ಹುಬ್ಬಳ್ಳಿಯ ಕಾರ್ಖಾನೆಗಳ ಮಾಲೀಕರಿಗೂ ಒಂದು ಕೋರಿಕೆ. ತಿಂಗಳಿಗೊಂದು ದಿನ ಈ ಮಕ್ಕಳನ್ನು ಒಳಗೆ ಬಿಟ್ಟುಕೊಳ್ಳಿ, ಕೆಟ್ಟುಹೋದ ತುಂಡುಗಳ ರಾಶಿಯನ್ನು ತೋರಿಸಿ, ಅವು ಏಕೆ ಕೆಟ್ಟವೆಂದು ನಿಮ್ಮ ಮೇಸ್ತ್ರಿಯಿಂದ ಹೇಳಿಸಿ. ಟೂಲ್ ರೂಮಿನಲ್ಲಿ, ಫೌಂಡ್ರಿಯಲ್ಲಿ, ಲೇತಿನ ಮುಂದೆ ಆಯುಷ್ಯ ಕಳೆದ ಆ ಹಿರಿಯರಿಗೆ ಗೊತ್ತಿರುವುದು ಬಹುಪಾಲು ಎಲ್ಲೂ ಬರಹಕ್ಕೆ ಇಳಿದಿಲ್ಲ. ಅವರು ಅದನ್ನು ಕನ್ನಡದಲ್ಲೇ ಯೋಚಿಸುತ್ತಾರೆ, ಕನ್ನಡದಲ್ಲೇ ಹೇಳಿಕೊಡುತ್ತಾರೆ. ಅವರ ಪಕ್ಕದಲ್ಲಿ ಕೂತು ಕೇಳಿ ಬರೆದುಕೊಳ್ಳುವ ಕೆಲಸ ಓದು ಕಲಿತ ನಮ್ಮದು, ಅವರು ನಿವೃತ್ತರಾಗುವ ಮುನ್ನವೇ ಅದನ್ನು ಮಾಡೋಣ.